ಮೂರನೆಯ ಟಕ್

ಲಾ ವೇಟಾ ಪಾಸಿನ ಕೊನೆಯ ಏರಿನಲ್ಲಿ, ಹಿಂದೆ ಹನ್ನೊಂದು ಉಂಡೆ ಹುಲ್ಲು,
ಎಂಜಿನ್ನು ಕೂಗಿಕೊಂಡಿತು; ಚಕ್ರಗಳಿಗೆ ಕೇಳಿಸಲಿಲ್ಲ.
ಎರಡನೇ ಗೇರು ಬಿಟ್ಟು ಮೂರನೆಯದು ಸಿಗದ ಆ ಅರೆಗಳಿಗೆ
ಇನ್ನೊಂದು ಮೆಟ್ಟಿಲಿದೆಯೆಂದು
ಕತ್ತಲಲ್ಲಿ ಕಾಲಿಟ್ಟವರಿಗೆ ಗೊತ್ತು.

ಕಡ್ಡಿ ಎಳೆದು ನೋಡಿದೆ. ಕೆಂಪಗಿರಬೇಕಾದ ಎಣ್ಣೆ
ಹಳೇ ಕಾಫಿಯ ಬಣ್ಣ. ತಳಹಿಡಿದ ಕಾಳಿನ ವಾಸನೆ.

ಅಲಮೋಸಾದ ಅಂಗಡಿಯವನು ಚೀಟಿ ಬರೆದ:
ಐದು ಸಾವಿರದ ಆರುನೂರು ಡಾಲರು, ಗ್ಯಾರಂಟಿ ಸಮೇತ.
ನನ್ನ ಹಿಟ್ಟಿನ ಡಬ್ಬಿಯಲ್ಲಿ ಸಾವಿರದ ನೂರ ನಲವತ್ತು.
ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವವರು
ಟ್ರಕ್ಕಿನಡಿ ರಟ್ಟು ಹಾಸಿ ಮಲಗಿದವರಲ್ಲ;
ಅಲ್ಲಿ ಹಾಸಿಗೆ ಎಷ್ಟೇ ಇರಲಿ, ಕಾಲು ಹಿಮದಲ್ಲೇ.

ಅಡೆಲೈಡೊ ಮೂವತ್ತು ವರ್ಷ ಗಣಿಯ ಲಾರಿಗಳ ಗೇರುಪೆಟ್ಟಿಗೆ ಬಿಚ್ಚಿದವನು.
ಈಗ ಅವನ ಕೈಗೆ ಅರ್ಧ ಲೋಟಕ್ಕಿಂತ ಹೆಚ್ಚು ಕಾಫಿ ಕೊಡುವಂತಿಲ್ಲ, ಅಷ್ಟು ನಡುಕ.
"ಕೈ ನಿನ್ನದು, ಬೈಗುಳ ನನ್ನದು" ಅಂದ.
ಕೂಲಿ: ಅರ್ಧ ಕುರಿ, ಕಡಿದು ಕಾಗದ ಸುತ್ತಿ.

ಎಲ್ಲಿ ಜಿಪುಣತನ, ಎಲ್ಲಿ ಧಾರಾಳ, ಅದೆಲ್ಲ ಅವನ ಬಾಯಲ್ಲೇ ಲೆಕ್ಕ.
ಪೆಟ್ಟಿಗೆ ಹಳೆಯದೇ ಇರಲಿ, ಸೀಮೆಎಣ್ಣೆಯಲ್ಲಿ ತೊಳಿ.
ಸೀಲು ಹೊಸದು. ಕ್ಲಚ್ಚಿನ ಬಿಲ್ಲೆ ಹೊಸದು. ಚೌಕಾಸಿ ಮಾಡಿದರೆ ನನ್ನನ್ನು ಕರೆಯಬೇಡ.
ವಾಲ್ವ್ ಬಾಡಿ ಗುಜರಿಯಿಂದ:
ಹೊಲದಲ್ಲಿ ಮಕಾಡೆ ಬಿದ್ದಿದ್ದ ಆಂಬುಲೆನ್ಸಿನ ಹೊಟ್ಟೆಯಿಂದ ನಾನೇ ಬಿಚ್ಚಿ ತಂದದ್ದು, ಎಂಬತ್ತು ಡಾಲರು.
ಕೂಲರು ಸ್ಕೂಲ್ ಬಸ್ಸಿನದು, ಪುಕ್ಕಟೆ.
ಮಿಕ್ಕ ದುಡ್ಡೆಲ್ಲ ಟಾರ್ಕ್ ಕನ್ವರ್ಟರಿಗೆ.

"ಅದರೊಳಗೆ ಏನಿದೆ?" ಅಂದೆ.
ಅವನು ಬೆಂಚಿನ ಮೇಲೆ ಎರಡು ಟೇಬಲ್ ಫ್ಯಾನು ತಂದು
ಎದುರುಬದುರು ಕೂರಿಸಿ, ಒಂದರ ಸ್ವಿಚ್ಚು ಮಾತ್ರ ಒತ್ತಿದ.
ಇನ್ನೊಂದು ತುಸು ಹೊತ್ತು ಬಿಗುಮಾನ ತೋರಿಸಿ
ಆಮೇಲೆ ಮೆಲ್ಲಗೆ ತಾನೂ ತಿರುಗತೊಡಗಿತು.
"ಮುಟ್ಟುವುದಿಲ್ಲ ನೋಡು. ಅಲ್ಲಿ ಗಾಳಿಯ ಬದಲು ಎಣ್ಣೆ, ಅಷ್ಟೆ.
ನಿನ್ನದು ಸಡಿಲ. ಡೀಸೆಲ್ಲು ಪಾಪ ಅರ್ಧ ಕೂಗಿ ಮುಗಿಸಿದ ಮೇಲೆ
ಇದಕ್ಕೆ ಎಚ್ಚರವಾಗುತ್ತೆ.
ತಗ್ಗಿದ ದನಿಗೇ ಓಗೊಡುವಂಥದು ಬೇಕು."
ಹದಿನಾರು ವರ್ಷ ಬಾಳಿ ಮುರಿದ ನನ್ನ ಮದುವೆ ನೆನಪಾಗಿ ನಕ್ಕೆ.
ಅವನು ಯಾಕೆಂದು ಕೇಳದೆ ಫ್ಯಾನು ಆರಿಸಿದ.

ಏಳು ಉಕ್ಕಿನ ಗುಂಡು ಬಿಚ್ಚಿದ್ದೆ, ಜೋಡಿಸುವಾಗ ಆರೇ.
ಎರಡು ತಾಸು ನೆಲ ಗುಡಿಸಿ, ಒಲೆ ಸರಿಸಿ, ನಾಯಿಯನ್ನು ಗದರಿಸಿ,
ಕೊನೆಗೆ ಸಿಕ್ಕಿದ್ದು ನನ್ನ ಪ್ಯಾಂಟಿನ ಮಡಿಕೆಯಲ್ಲಿ.
ಆ ಎರಡು ತಾಸಿನ ಬೈಗುಳ ಇಲ್ಲಿ ಬರೆಯಲಾರೆ.

ರಾತ್ರಿ ಹತ್ತು. ಹೊರಗೆ ಸೊನ್ನೆಗಿಂತ ಇಪ್ಪತ್ತೆರಡು ಕೆಳಗೆ.
ತಿಂಗಳ ಕುರಿಮರಿಯಷ್ಟು ಭಾರದ ಕನ್ವರ್ಟರನ್ನು ಎದೆಗವಚಿ ದಂಡದ ಮೇಲೆ ಏರಿಸಿದೆ.
"ಮೂರು ಸಲ ಟಕ್ ಅನ್ನಬೇಕು, ಎಲ್ವೀರಾ.
ಎರಡಕ್ಕೇ ಬೋಲ್ಟು ಬಿಗಿದರೆ ಪಂಪು ಪುಡಿ,
ನಿನ್ನ ಹಿಟ್ಟಿನ ಡಬ್ಬಿಯೂ ಪುಡಿ."

ತಿರುಗಿಸಿದೆ. ಟಕ್.
ಒತ್ತಿ ತಿರುಗಿಸಿದೆ. ಟಕ್.
ಆಮೇಲೆ ಏನೂ ಇಲ್ಲ.
ಒತ್ತಿದೆ, ಎಳೆದೆ, ಬೇಡಿಕೊಂಡೆ,
ಬೆರಳು ಕಬ್ಬಿಣಕ್ಕೆ ಅಂಟಿತು.
ಬಲ ಹಾಕಿದಷ್ಟೂ ಅದು ಮೊಂಡು.

ಅವನು ಎದ್ದ. ನನ್ನ ಕೈಯ ಮೇಲೆ ತನ್ನ ಕೈ ಇಟ್ಟ, ಬೈಯದೆ.
ಆ ನಡುಕ ನನ್ನ ಬೆರಳು ಹಾದು
ಕಬ್ಬಿಣಕ್ಕೆ ಇಳಿಯಿತು, ಸಣ್ಣಗೆ, ಬಿಡದೆ,
ಜರಡಿ ಆಡಿಸಿದ ಹಾಗೆ.
ಕಾಲಿಂಚು ಒಳಗೆ ಕುಸಿಯಿತು.

ಟಕ್.

ಇಬ್ಬರೂ ಸ್ವಲ್ಪ ಹೊತ್ತು ಕೈ ತೆಗೆಯಲಿಲ್ಲ.

ಈಗ ಅದೇ ಏರಿನಲ್ಲಿ, ಅದೇ ಹನ್ನೊಂದು ಉಂಡೆ.
ಮೂರನೆಯದು ಬೆನ್ನಿಗೆ ಗುದ್ದಿದಂತೆ ಬೀಳುತ್ತದೆ, ಚಹಾ ಚೆಲ್ಲುತ್ತದೆ.
ಮುಳ್ಳು ಕೆಳಗಿಳಿಯುತ್ತದೆ, ಸದ್ದು ತಗ್ಗುತ್ತದೆ,
ಚಕ್ರಗಳು ಹೇಳಿದ ಮಾತು ಕೇಳುತ್ತವೆ.
ಲೆಕ್ಕಕ್ಕಿಂತ ಹನ್ನೊಂದು ಡಾಲರು ಹೆಚ್ಚಾಯಿತು.
ರಿವರ್ಸಿನಲ್ಲಿ ಮಾತ್ರ ಇನ್ನೂ ಒಂದು ಕುಂಯ್ ಉಳಿದಿದೆ.
ಹೇಳಿದೆ.

"ಹಿಂದಕ್ಕೆ ಎಷ್ಟು ದೂರ ಹೋಗ್ತೀಯಾ?" ಅಂದ ಅಡೆಲೈಡೊ,
ಮಾಂಸದ ಪೊಟ್ಟಣ ಎಣಿಸುತ್ತ.